ಹುಂಜವನ್ನು ಮುಂಗುಸಿ ಒಯ್ದಿತು ಎಂದು ಮಾತ್ರ ಹೇಳಬೇಡಿ

ಬಣ್ಣ ಹಾಕಿದ ಆರು ಕೋಳಿಮರಿ ತಂದು ಮಗನ ಕೈಗೆ ಕೊಟ್ಟಿದ್ದೀರಿ, ಆರಕ್ಕೂ ಹೆಸರಿಟ್ಟಾಗಿದೆ. ಹೊಸತೊಡಕಿಗೆ ಕೊಯ್ದು, ಅವನಿಗೆ "ಅಜ್ಜಿಯ ಊರಿಗೆ ಕಳುಹಿಸಿದೆವು" ಎನ್ನುತ್ತೀರಂತೆ. ಸ್ವಾಮಿ, ಇದೇ ತಪ್ಪನ್ನು ನಾನು ಮಾಡಿದ್ದೇನೆ.

ನಮ್ಮ ಹುಂಜದ ಬಲಗಾಲಿನ ನಡುಬೆರಳು ಮರಿಯಾಗಿದ್ದಾಗಲೇ ಬಾಗಿಲಿಗೆ ಸಿಕ್ಕಿ ಸೊಟ್ಟಗಾಗಿತ್ತು. ಎಂಟು ವರ್ಷದ ಮಗಳು ಶಾಲೆಗೆ ಹೋದಾಗ ಕೊಯ್ದು, ಸಂಜೆ "ಮುಂಗುಸಿ ಹೊತ್ತೊಯ್ದಿತು" ಎಂದೆ. ಟಾರ್ಚ್ ಹಿಡಿದು ಬೇಲಿಯ ಸಂದಿಯನ್ನೆಲ್ಲ ಹುಡುಕಿ ಬಂದು ಊಟಕ್ಕೆ ಕುಳಿತಳು. ಕೋಳಿಕಾಲು ಚೀಪುವುದೆಂದರೆ ಅವಳಿಗೆ ಪ್ರಾಣ. ಮುದ್ದೆಯ ಪಕ್ಕ ಬಿದ್ದ ಕಾಲಿನಲ್ಲಿ ಅದೇ ಸೊಟ್ಟ ಬೆರಳು. ಅಳಲಿಲ್ಲ. ತಟ್ಟೆಯ ಅಂಚಿಗೆ ಸರಿಸಿ, "ಮುಂಗುಸಿ ವಾಪಸ್ ಕೊಟ್ಟಿತಾ ಅಪ್ಪ?" ಎಂದಳು. ಎರಡು ತಿಂಗಳಿಗೆ ಮತ್ತೆ ಬಾಡು ತಿನ್ನತೊಡಗಿದಳು. ನಾನು ಹೇಳಿದ್ದನ್ನು ಮಾತ್ರ ವರ್ಷವಿಡೀ ಅಮ್ಮನ ಬಳಿ ಹೋಗಿ ನಿಜವೇ ಎಂದು ಕೇಳುತ್ತಿದ್ದಳು.

ಮುಂದಿನ ತಂಡದ ಮರಿ ಬಂದ ಮೊದಲ ದಿನವೇ ಅವಳಿಗೆ ಹೇಳಿಬಿಟ್ಟೆ: ಹ್ಯಾಟೆ ಮೊಟ್ಟೆಗೆ, ಹುಂಜ ಸಾರಿಗೆ. ಜುಟ್ಟು ಕೆಂಪೇರಿ ಗಂಡು ಯಾವುದು ಎಂದು ಗೊತ್ತಾದೊಡನೆ ಅವಳ ಕೈಯಿಂದಲೇ ಹುಂಜಗಳ ಕಾಲಿಗೆ ಕೆಂಪು ದಾರ ಕಟ್ಟಿಸಿದೆ. (ವಾರಕ್ಕೊಮ್ಮೆ ಸಡಿಲಿಸಿ. ನಾನು ಮರೆತು ಒಂದರ ಕಾಲು ಊದಿತ್ತು.) ಹೆಸರು ಹ್ಯಾಟೆಗಳಿಗೆ ಮಾತ್ರ. ಕದ್ದು ಒಂದು ಹುಂಜಕ್ಕೂ ಇಟ್ಟಿದ್ದಳು, ಕೇಳಿಸದವನಂತೆ ಇದ್ದೆ.

ಹಾಗೆಂದು ಕೊಯ್ಯುವುದನ್ನು ನೋಡೆಂದು ಎಳೆದು ತರಬೇಡಿ, ಕಾಲು ಹಿಡಿದುಕೋ ಎಂದು ಹೇಳಲೂಬೇಡಿ. ನಮ್ಮವಳು ಮೊದಲ ಸಲ ಅತ್ತೆಯ ಮನೆಯಲ್ಲಿ ಕುಳಿತಿದ್ದಳು. ಮರುವರ್ಷ ಪುಕ್ಕ ಕೀಳುವಾಗ ತಾನೇ ಬಂದಳು. ಹಳೆಯ ಹೇಂಟೆಯ ಹೊಟ್ಟೆಯಲ್ಲಿ ಸಾಸಿವೆಯಿಂದ ಗೋಲಿಯ ಗಾತ್ರದವರೆಗೆ ಸಾಲಾಗಿದ್ದ ಹಳದಿ ಉಂಡೆಗಳನ್ನು ಕಂಡು, ಇವೆಲ್ಲ ಯಾವಾಗ ಮೊಟ್ಟೆಯಾಗುತ್ತಿದ್ದವು ಎಂದು ಲೆಕ್ಕ ಕೇಳಿದಳು.

ಇನ್ನು ಬಣ್ಣದ ಮರಿ. ಬೈಯದೆ ಬಿಡಲಾರೆ. ಮೊಟ್ಟೆಕೋಳಿ ಹ್ಯಾಚರಿಗಳು ಬೇಡವೆಂದು ಹೊರಹಾಕುವ ಗಂಡು ಮರಿಗಳೇ ಅವುಗಳಲ್ಲಿ ಹೆಚ್ಚು. ಬ್ರಾಯ್ಲರ್ ಕೋಳಿಯಂತೆ ಮೈ ತುಂಬುವುದಿಲ್ಲ, ಲಸಿಕೆ ಹಾಕಿಸಿರುವ ನಂಬಿಕೆಯೂ ಇಲ್ಲ. ಕೋಳಿಗಳನ್ನು ಸಾಯಿಸುವ ಕೊಕ್ಕರೆ ರೋಗ (ರಾಣಿಖೇತ್) ತಗುಲಿದರೆ ಮಗ ಕಲಿಯುವುದು ಗುಂಡಿ ತೋಡುವುದನ್ನು. 5ರಿಂದ 7ನೆಯ ದಿನದೊಳಗೆ ಅದಕ್ಕೆ ಲಸೋಟಾ ಲಸಿಕೆ, ಕಣ್ಣಿಗೆ ಒಂದು ಹನಿ. 14ನೆಯ ದಿನದ ಹೊತ್ತಿಗೆ ಗಂಬೋರೋ ಎಂಬ ಇನ್ನೊಂದು ರೋಗದ ಲಸಿಕೆ, ನಾಲ್ಕನೆಯ ವಾರ ಮತ್ತೆ ಲಸೋಟಾ. ಚಿಕ್ಕ ಸೀಸೆಯಲ್ಲೂ ನೂರು ಮರಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಉಳಿಯುವುದಿಲ್ಲ. ಅಕ್ಕಪಕ್ಕದವರ ಮರಿಗಳನ್ನೂ ಸೇರಿಸಿಕೊಳ್ಳಿ.

ನನ್ನ ಕೇಳಿದರೆ ಬೆಂಗಳೂರು ಹೆಬ್ಬಾಳದ ಗಿರಿರಾಜ ತಳಿಯೇ ವಾಸಿ: ಹಿತ್ತಲಿಗೆ ಒಗ್ಗುತ್ತದೆ, ತೂಕ ಬರುತ್ತದೆ. ಆದರೆ ಕಾವಿಗೆ ಕೂರುವುದಿಲ್ಲ. ಮೊಟ್ಟೆ ಒಡೆದು ಮರಿ ಬರುವುದನ್ನೂ ಮಗ ನೋಡಲಿ ಎಂದರೆ ನಾಟಿ ಹೇಂಟೆಯೊಂದನ್ನು ಇಟ್ಟುಕೊಳ್ಳಿ, ಕಾವು 21 ದಿನ. ಮರಿಗೆ ಮುತ್ತು ಕೊಡಲು ಬಿಡಬೇಡಿ, ಮುಟ್ಟಿದರೆ ಸೋಪಿನಲ್ಲಿ ಕೈ ತೊಳೆಸಿ.

ಕೊಯ್ಯುವ ಹಿಂದಿನ ರಾತ್ರಿ ಕಾಳು ಬೇಡ, ನೀರು ಸಾಕು. ಔಷಧ ಕೊಟ್ಟಿದ್ದರೆ ಎಷ್ಟು ದಿನ ಮಾಂಸ ತಿನ್ನಬಾರದೆಂದು ಪಶುವೈದ್ಯರನ್ನು ಕೇಳಿಯೇ ಚೂರಿ ಮಸೆಯಿರಿ. ಮರಿಗಳಿಗೆ ಈಗ ಎಷ್ಟು ದಿನ ತಿಳಿಸಿ, ಲಸಿಕೆಗೆ ಹೊತ್ತು ಮೀರಿದೆಯೇ ನೋಡೋಣ.