ಓಡುವ ಮಕ್ಕಳಿಗೆ ಯಾವ ಕ್ಯಾಮೆರಾ?

ಪ್ರಶ್ನೆ: ಮಗಳ ಫುಟ್‌ಬಾಲ್ ಪಂದ್ಯದಲ್ಲಿ ನಾನು ತೆಗೆದ ಚಿತ್ರಗಳೆಲ್ಲ ಮಸುಕಾಗಿವೆ. ಹೊಸ ಡಿಜಿಟಲ್ ಕ್ಯಾಮೆರಾ ಕೊಳ್ಳುವಾಗ ಏನನ್ನು ಗಮನಿಸಬೇಕು?

ಉತ್ತರ: ಮೆಗಾಪಿಕ್ಸೆಲ್ ಲೆಕ್ಕವನ್ನು ಬದಿಗಿಟ್ಟು, ಓಡುವ ಮಗುವಿನ ಮೇಲೆ ಬಿಡದೆ ಫೋಕಸ್ ಹಿಡಿದಿಡುವ, ಸೆಕೆಂಡಿಗೆ ಎಂಟು ಹತ್ತು ಚಿತ್ರಗಳನ್ನು ಸೆರೆಹಿಡಿಯುವ ಕ್ಯಾಮೆರಾವನ್ನು ಆರಿಸಿಕೊಳ್ಳಿ. ಚೆಂಡನ್ನು ಒದೆಯುವ ಕಾಲೂ ಬೂಟಿನಡಿಯಿಂದ ಚಿಮ್ಮುವ ಮಣ್ಣಿನ ಕಣಗಳೂ ಸ್ಪಷ್ಟವಾಗಿ ಮೂಡಬೇಕಾದರೆ ಶಟರ್ ವೇಗ, ಅಂದರೆ ಬೆಳಕು ಒಳಬರಲು ಶಟರ್ ತೆರೆದಿರುವ ಅವಧಿ, ಸೆಕೆಂಡಿನ 1/1000 ಭಾಗ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಅಷ್ಟು ಕಿರು ಅವಧಿಯಲ್ಲಿ ಒಳಬರುವ ಬೆಳಕು ತೀರ ಕಡಿಮೆಯಾದ್ದರಿಂದ, ನನ್ನ ಅಭಿಪ್ರಾಯದಲ್ಲಿ, ಹಣದ ದೊಡ್ಡ ಪಾಲು ಲೆನ್ಸಿಗೇ ಸಲ್ಲಬೇಕು. ಲೆನ್ಸಿನ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಒಳಬರುವ ಕಿಂಡಿ ದೊಡ್ಡದು: ಎಫ್/2.8 ಲೆನ್ಸು ಎಫ್/5.6ಕ್ಕಿಂತ ನಾಲ್ಕು ಪಟ್ಟು ಬೆಳಕನ್ನು ಒಳಬಿಡುತ್ತದೆ, ಒಳಾಂಗಣ ಪಂದ್ಯಗಳಲ್ಲಂತೂ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಮೈದಾನದ ಅಂಚಿನಲ್ಲಿ ನಿಂತು ತೆಗೆಯಲು ದೂರದ ಆಟಗಾರರನ್ನು ಹತ್ತಿರಕ್ಕೆ ತರುವ 70–200 ಮಿ.ಮೀ. ಜೂಮ್ ಲೆನ್ಸು ಅನುಕೂಲಕರ. ಕೊಳ್ಳುವ ಮುನ್ನ ಕೈಯಲ್ಲಿ ಹಿಡಿದು ಅದರ ತೂಕವನ್ನು ನೋಡಿ, ಏಕೆಂದರೆ ಇಡೀ ಪಂದ್ಯ ಮುಗಿಯುವವರೆಗೆ ನೀವೇ ಅದನ್ನು ಎತ್ತಿ ಹಿಡಿಯಬೇಕಾಗುತ್ತದೆ.