ದಿಂಬು ಕಳೆದುಕೊಂಡವನ ಪ್ರಶ್ನೆ

ಪ್ರಿಯ ಓದುಗರೇ,

ಪ್ರಾಚೀನ ಗ್ರೀಸಿನಲ್ಲಿ ಜನ ದೇವರ ಉತ್ತರ ಕೇಳಲು ಹೋಗುತ್ತಿದ್ದ ಅಪೊಲೊ ಗುಡಿ ಡೆಲ್ಫಿಯ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಕೇಳಿದ್ದೀರಿ: "ಅಷ್ಟು ಬುದ್ಧಿವಂತ ಗ್ರೀಕರು ದೇವವಾಣಿ ಕೇಳಲು ಹೋಗುತ್ತಿದ್ದರು ಅಂದರೆ ನಂಬೋದು ಕಷ್ಟ. ಅದೆಲ್ಲ ಪೂಜಾರಿಗಳ ಮೋಸ ಅಲ್ವಾ?"

ಮೋಸ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೊಟಸನೇ ಒಂದು ಪ್ರಸಂಗ ಬರೆದಿದ್ದಾನೆ. ಗ್ರೀಕ್ ನಗರರಾಜ್ಯ ಸ್ಪಾರ್ಟಾದಲ್ಲಿ ಒಟ್ಟಿಗೆ ಇಬ್ಬರು ರಾಜರಿರುತ್ತಿದ್ದರು. ಅವರಲ್ಲೊಬ್ಬನಾದ ಕ್ಲಿಯೊಮೆನೆಸ್‌ಗೆ ಇನ್ನೊಬ್ಬ ರಾಜನನ್ನು ಕೆಳಗಿಳಿಸಬೇಕಿತ್ತು. ಡೆಲ್ಫಿಯ ಒಬ್ಬ ದೊಡ್ಡ ಮನುಷ್ಯನನ್ನು ತನ್ನ ಕಡೆಗೆ ಮಾಡಿಕೊಂಡು, ದೇವವಾಣಿ ನುಡಿಯುವ ಪಿಥಿಯಾಳ ಬಾಯಲ್ಲಿ ತನಗೆ ಬೇಕಾದ ಮಾತು ಹೇಳಿಸಿದ. ಬಯಲಾದ ಮೇಲೆ ಆ ದೊಡ್ಡ ಮನುಷ್ಯ ಊರು ಬಿಟ್ಟು ಓಡಿದ, ಪಿಥಿಯಾ ಸ್ಥಾನ ಕಳೆದುಕೊಂಡಳು.

ಆದರೆ ಅಷ್ಟಕ್ಕೇ ನಿಲ್ಲಿಸಿದರೆ, ಪ್ರಶ್ನೆ ಹೊತ್ತು ಅಲ್ಲಿಗೆ ಬಂದ ಸಾಮಾನ್ಯ ಜನ ನಮಗೆ ಕಾಣುವುದೇ ಇಲ್ಲ. ಅವರನ್ನು ನೋಡಬೇಕೆಂದರೆ ಡೊಡೊನಾಕ್ಕೆ ಬನ್ನಿ. ವಾಯವ್ಯ ಗ್ರೀಸಿನಲ್ಲಿ, ಬೆಟ್ಟಗಳ ನಡುವಿನ ಜಾಗ ಅದು. ಡೆಲ್ಫಿಯ ಹಾಗೆ ಅಲ್ಲೂ ಜನ ದೇವವಾಣಿ ಕೇಳುತ್ತಿದ್ದರು. ಅಲ್ಲಿ ಜೀಯಸ್ ದೇವರ ಓಕ್ ಮರ ಇತ್ತು. ಪ್ರಶ್ನೆಗಳನ್ನು ತೆಳ್ಳನೆಯ ಸೀಸದ ತಗಡಿನ ಮೇಲೆ ಗೀಚಿ ಮಡಚುತ್ತಿದ್ದರು. ಒಬ್ಬರು ಬರೆದ ತಗಡಿನ ಮೇಲೇ ಇನ್ನೊಬ್ಬರು ಬರೆದದ್ದೂ ಉಂಟು. ಅಂಥ 4,000ಕ್ಕೂ ಹೆಚ್ಚು ಬರಹಗಳು 2013ರಲ್ಲಿ ಅಚ್ಚಾದವು.

ಲಿಸಾನಿಯಾಸ್ ಎಂಬವನು ಕೇಳುತ್ತಾನೆ: ಅನ್ನಿಲಾಳ ಬಸಿರಲ್ಲಿರುವ ಮಗು ತನ್ನದಲ್ಲವೇ? ಇನ್ನೊಬ್ಬನಿಗೆ ಕುರಿ ಸಾಕಿದರೆ ಗಿಟ್ಟುತ್ತದೆಯೇ ಎಂಬ ಚಿಂತೆ. ಅಗಿಸ್ ಎಂಬವನ ಹೊದಿಕೆ, ದಿಂಬುಗಳು ಕಾಣೆಯಾಗಿವೆ. ಹೊರಗಿನವರು ಯಾರಾದರೂ ಕದ್ದರೇ ಎಂದು ಕೇಳುತ್ತಾನೆ. ಆ 'ಹೊರಗಿನವರು' ಎಂಬ ಮಾತು ನೋಡಿ. ಮನೆಯವರ ಮೇಲೇ ಅನುಮಾನ ಇತ್ತು, ಬಾಯಿಬಿಟ್ಟು ಹೇಳಲು ಆಗಲಿಲ್ಲ ಅಂತ ನನಗನ್ನಿಸುತ್ತದೆ. ಇವನನ್ನು ದಡ್ಡ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಮುಂದೇನಾಗುತ್ತದೆ ಅಂತ ಕೇಳಿದವರಿಗಿಂತ, ಹೀಗೆ ಮಾಡಿದರೆ ನನಗೆ ಒಳ್ಳೆಯದಾ ಅಂತ ಕೇಳಿದವರೇ ಅಲ್ಲಿ ಜಾಸ್ತಿ.

ದೇವರ ಮಾತು ಬಂತು ಅಂತ ಎಲ್ಲರೂ ಸುಮ್ನೆ ತಲೆಬಾಗುತ್ತಿದ್ದರು ಅಂದುಕೊಳ್ಳಬೇಡಿ. ಕ್ರಿ.ಪೂ. 480ರ ಪರ್ಷಿಯನ್ ದಾಳಿಗೆ ಮುಂಚೆ ಡೆಲ್ಫಿ ಅಥೆನ್ಸಿನವರಿಗೆ "ಓಡಿಹೋಗಿ" ಎಂದಿತು. ಅವರು ಅದನ್ನು ಒಪ್ಪದೆ ಮತ್ತೆ ಕೇಳಿದರು. ಈ ಸಲ ಬಂದ ಮಾತು, ಮರದ ಗೋಡೆಯೊಂದು ಉಳಿಯುತ್ತದೆ ಎಂದು. ಅದು ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಮೇಲಿನ ಬೇಲಿ ಅಂದರು ಕೆಲವು ಹಿರಿಯರು. ಅಲ್ಲ, ನಮ್ಮ ಹಡಗುಗಳು ಅಂದ ಅಥೆನ್ಸಿನ ನಾಯಕ ಥೆಮಿಸ್ಟೊಕ್ಲೀಸ್. ಸಭೆ ವಾದ ಮಾಡಿ ಹಡಗನ್ನೇ ಆರಿಸಿತು. ಸಲಾಮಿಸ್‌ನ ಸಮುದ್ರ ಕಾಳಗದಲ್ಲಿ ಪರ್ಷಿಯನ್ನರ ಮೇಲೆ ಗೆಲ್ಲಿಸಿದ್ದು ಆ ಹಡಗುಗಳೇ.

ಡೊಡೊನಾದ ಇನ್ನಷ್ಟು ಪ್ರಶ್ನೆಗಳನ್ನು ಮುಂದಿನ ಸಂಚಿಕೆಯಲ್ಲಿ ಕನ್ನಡದಲ್ಲಿ ಕೊಡುತ್ತೇವೆ. ಓದಿ, ಮತ್ತೆ ಬರೆಯಿರಿ.

– ಸಂಪಾದಕ