ಭಯಾನಕ ಎಂದು ಬರೆದರೆ ಭಯ ಹುಟ್ಟುತ್ತದೆಯೇ?

ಪ್ರಶ್ನೆ: ನಾನು ಗೋವಾದ ವಾಸ್ಕೋದಲ್ಲಿ ನೆಲೆಸಿರುವ ಕನ್ನಡತಿ. ಚಾಂದೋರ್ ಊರಿನ ಪೋರ್ಚುಗೀಸ್ ಕಾಲದ ಬಂಗಲೆಯೊಂದರಲ್ಲಿ ನಡೆಯುವ ಗೋಥಿಕ್ ಕಥೆ, ಅಂದರೆ ಹಳೆಯ ಮನೆ, ರಹಸ್ಯ, ದಿಗಿಲುಗಳ ಕಥೆ ಬರೆದಿದ್ದೇನೆ. ‘ಭಯಾನಕ ಮೌನ’, ‘ಭೀಕರ ಕತ್ತಲು’, ‘ನಿಗೂಢ ನೆರಳು’ ಎಲ್ಲವೂ ಇವೆ. ಆದರೂ ಓದಿದ ಗೆಳತಿಯರಿಗೆ ಹೆದರಿಕೆಯೇ ಆಗಲಿಲ್ಲವಂತೆ. ಏನು ಕೊರತೆ?

ಉತ್ತರ: ಮೊದಲು ಆ ಮೂರು ವಿಶೇಷಣಗಳನ್ನು ಹೊಡೆದುಹಾಕಿ. ಹೆದರಬೇಕಾದವರು ಓದುಗರು. ‘ಭಯಾನಕ’ ಎಂದು ನೀವೇ ತೀರ್ಪು ಕೊಟ್ಟುಬಿಟ್ಟರೆ ಅವರಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಅಪಾಯದ ಪೂರ್ತಿ ಅಳತೆ ಗೊತ್ತಾದರೆ ದಿಗಿಲು ಬಹುಪಾಲು ಕರಗುತ್ತದೆ ಎಂದು ಬ್ರಿಟಿಷ್ ಚಿಂತಕ ಎಡ್ಮಂಡ್ ಬರ್ಕ್ 1757ರಲ್ಲೇ ವಾದಿಸಿದ್ದ. ಗೋಥಿಕ್ ಕಾದಂಬರಿಕಾರ್ತಿ ಆನ್ ರ‍್ಯಾಡ್‌ಕ್ಲಿಫ್ ಅದನ್ನೇ ಮುಂದುವರಿಸಿ, ಮನಸ್ಸನ್ನು ಎಚ್ಚರಿಸುವ ದಿಗಿಲು ಬೇರೆ, ಮರಗಟ್ಟಿಸುವ ಬೀಭತ್ಸ ಬೇರೆ ಎಂದಳು. ನಿಮಗೆ ಬೇಕಿರುವುದು ಮೊದಲನೆಯದು.

ಅದಕ್ಕೆ ನಿಮ್ಮ ಬಂಗಲೆಯಲ್ಲೇ ಸಾಮಗ್ರಿ ಇದೆ. ಗೋವಾದ ಹಳೆಯ ಮನೆಗಳ ಕಿಟಕಿಗಳಿಗೆ ಗಾಜಿನ ಬದಲು ಸಿಂಪಿಯ ತೆಳುವಾದ ಚಿಪ್ಪುಗಳನ್ನು ಕೂರಿಸುತ್ತಿದ್ದರು. ಬೆಳಕು ಒಳಗೆ ಬರುತ್ತದೆ, ಆಚೆ ಇರುವುದು ಕಾಣುವುದಿಲ್ಲ. ‘ಕಿಟಕಿಯಾಚೆ ನಿಗೂಢ ನೆರಳು’ ಎನ್ನುವ ಬದಲು ಹೀಗೆ ಬರೆದು ನೋಡಿ: ‘ಕೆಳಗಿನ ಸಾಲಿನ ಚಿಪ್ಪುಗಳು ಕಪ್ಪಾದವು. ಆಮೇಲೆ ಅದರ ಮೇಲಿನ ಸಾಲು.’ ಏನೋ ಎದ್ದು ನಿಲ್ಲುತ್ತಿದೆ ಎಂದು ನೀವು ಹೇಳಲೇ ಇಲ್ಲ, ಓದುಗರು ಕಂಡುಕೊಂಡರು.

ಕನ್ನಡದ ಕ್ರಿಯಾಪದವಂತೂ ಈ ಬರವಣಿಗೆಗೆ ದೊಡ್ಡ ವರ. ನಮ್ಮಲ್ಲಿ ಕರ್ತೃವನ್ನು ಬಿಟ್ಟುಬಿಡಬಹುದು, ಬಂದದ್ದು ಗಂಡೋ ಹೆಣ್ಣೋ ಎಂಬುದನ್ನು ವಾಕ್ಯದ ಕೊನೆಯವರೆಗೂ ತಡೆಹಿಡಿಯಬಹುದು. ‘ಯಾರೋ ಮೆಟ್ಟಿಲಿಳಿಯುತ್ತಿದ್ದಾರೆ’ ಎಂದು ನಿಮ್ಮ ನಾಯಕಿ ಅಂದುಕೊಳ್ಳಲಿ. ಎರಡು ಪ್ಯಾರಾ ಬಿಟ್ಟು, ಯಾವ ವಿವರಣೆಯೂ ಇಲ್ಲದೆ, ‘ಇಳಿಯುತ್ತಿದೆ’ ಎಂದು ಬದಲಿಸಿ. ಅಷ್ಟರಿಂದಲೇ ಬರುತ್ತಿರುವುದು ಮನುಷ್ಯರಲ್ಲ ಎಂದಾಯಿತು. ಈ ಸೌಲಭ್ಯವನ್ನು ನಮ್ಮ ಕಥೆಗಾರರು ಇನ್ನೂ ಧಾರಾಳವಾಗಿ ಬಳಸಬೇಕೆಂಬುದು ನನ್ನ ಬಹುದಿನದ ಆಸೆ.

‘ಅಂತೆ’ಯನ್ನೂ ಮರೆಯಬೇಡಿ. ‘ಆ ಕೋಣೆ ತೆರೆಯುವುದಿಲ್ಲ’ ಎನ್ನುವುದು ಬರೀ ಮಾಹಿತಿ. ‘ತೆರೆಯುವುದಿಲ್ಲವಂತೆ’ ಎಂದಾಗ ಯಾರು ಹೇಳಿದರು, ಯಾಕೆ ಹೇಳಿದರು ಎಂಬ ಅನುಮಾನ ಏಳುತ್ತದೆ.

ಮಳೆ, ಗೂಬೆ, ಗಡಿಯಾರದ ಸದ್ದು ಸವಕಲಾಗಿವೆ. ಒಂದನ್ನು ಉಳಿಸಿಕೊಂಡರೆ ಸಾಕು. ‘ಕತ್ತಲು’ ಎಂಬ ಪದವನ್ನು ಮಾತ್ರ ಕೊನೆಯ ಪುಟದವರೆಗೂ ಬಳಸಬೇಡಿ. ಅಲ್ಲಿಯವರೆಗೆ ಯಾವ ಯಾವ ದೀಪ ಆರಿತು ಎಂಬುದನ್ನಷ್ಟೇ ಹೇಳುತ್ತ ಹೋಗಿ.